ಮನಸ್ಸಿನ ಸಾಕ್ಷ್ಯವೂ ದೂರಶಿಕ್ಷಣವೂ

ಒಬ್ಬನು ಅಪರಾಧ ಮಾಡಿದನೆ ಇಲ್ಲವೆ ಎಂಬುದನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಅವನಿಗೆ ರೋಗವಿದೆಯೆ ಇಲ್ಲವೆ ಎಂಬುದನ್ನು ಹೇಳುವುದು ವೈದ್ಯನ ಕೆಲಸ. ಈ ಎರಡು ಕೆಲಸಗಳೂ ಒಂದೇ ವ್ಯಕ್ತಿಯ ವಿಷಯದಲ್ಲಿ ಕೂಡಿಬರುವ ಸಂದರ್ಭಗಳುಂಟು. ಕೊಲೆಯ ಆರೋಪ ಹೊತ್ತವನು ಕೃತ್ಯದ ವೇಳೆಯಲ್ಲಿ ಸ್ವಸ್ಥಚಿತ್ತನಾಗಿದ್ದನೆ? ಕಟಕಟೆಯಲ್ಲಿ ನಿಂತವನಿಗೆ ತನ್ನ ಮೇಲಿನ ಆರೋಪವೇನೆಂಬುದು ತಿಳಿಯುತ್ತಿದೆಯೆ? ಸೆರೆಮನೆಯಲ್ಲಿ ಅನ್ನನೀರು ಬಿಟ್ಟು ಮೂಲೆ ಹಿಡಿದು ಕುಳಿತವನು ಹಟಮಾರಿಯೊ, ರೋಗಿಯೊ? ಇಂಥ ಪ್ರಶ್ನೆಗಳನ್ನು ವಿಚಾರಿಸುವ ಶಾಸ್ತ್ರಕ್ಕೆ ಫೊರೆನ್ಸಿಕ್ ಮಾನಸಿಕ ಆರೋಗ್ಯವೆಂದು ಹೆಸರು. ನಮ್ಮ ಮಾತಿನಲ್ಲಿ ನ್ಯಾಯಸಂಬಂಧಿ ಮಾನಸಿಕ ಆರೋಗ್ಯಶಾಸ್ತ್ರವೆನ್ನಬಹುದು.

ಈ ಶಾಸ್ತ್ರವನ್ನು ಸ್ನಾತಕೋತ್ತರ ಮಟ್ಟದಲ್ಲಿ, ತಮ್ಮ ಊರಿನಲ್ಲಿಯೇ ಇದ್ದುಕೊಂಡು, ಆನ್‌ಲೈನ್ ಪಾಠಗಳ ಮೂಲಕ ಕಲಿಯಬಹುದೆ? ಕಲಿತವರನ್ನು ನ್ಯಾಯಾಲಯವು ನಂಬಬಹುದೆ? ಇದೇ ಪ್ರಕೃತ ಲೇಖನದ ವಿಷಯ. ಪ್ರಶ್ನೆ ಕೇವಲ ವಿದ್ಯಾಶಾಲೆಗಳಿಗೆ ಸೇರಿದ್ದಲ್ಲ. ಉತ್ತರ ತಪ್ಪಿದರೆ ರೋಗಿಯೊಬ್ಬನು ಸೆರೆಮನೆಯಲ್ಲಿ ಕೊಳೆಯಬಹುದು. ಇಲ್ಲವೆ ಅಪರಾಧಿಯೊಬ್ಬನು ರೋಗದ ಸೋಗಿನಲ್ಲಿ ತಪ್ಪಿಸಿಕೊಳ್ಳಬಹುದು.

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2025ರಲ್ಲಿ ಈ ಬಗೆಗೆ ಒಂದು ಖಚಿತವಾದ ನಿಲುವನ್ನು ತಳೆಯಿತು. ಆರೋಗ್ಯವೃತ್ತಿಗಳಿಗೆ ಸಂಬಂಧಿಸಿದ 2021ರ ರಾಷ್ಟ್ರೀಯ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯಗಳಲ್ಲಿ, ಮನಶ್ಶಾಸ್ತ್ರವೂ ಸೇರಿದಂತೆ, ಆ ವರ್ಷದ ಜುಲೈ-ಆಗಸ್ಟ್ ಪ್ರವೇಶದಿಂದ ಮುಕ್ತ, ದೂರ ಹಾಗೂ ಆನ್‌ಲೈನ್ ಶಿಕ್ಷಣ ಕೂಡದೆಂದು ಅದು ತೀರ್ಮಾನಿಸಿತು. ಕೈಯಿಂದ ಮಾಡಿ ಕಲಿಯಬೇಕಾದುದನ್ನು ಕಣ್ಣಿನಿಂದ ನೋಡಿ ಕಲಿತರೆ ಸಾಲದೆಂಬುದು ಇದರ ಹಿಂದಿರುವ ವಿಚಾರ. ಈ ವಿಚಾರವು ಎಷ್ಟರಮಟ್ಟಿಗೆ ಸರಿ, ಎಲ್ಲಿ ಸಾಲದು ಎಂಬುದನ್ನು ಪರಿಶೀಲಿಸೋಣ.

ನಾನು ಮನೋವೈದ್ಯನಲ್ಲ, ವಕೀಲನೂ ಅಲ್ಲ. ಚಿತ್ರದುರ್ಗದಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ಅಧ್ಯಾಪಕ. ಆದರೆ ಪಾಠದ ಕೋಣೆಯಲ್ಲಿ ಕಲಿಯತಕ್ಕದ್ದು ಯಾವುದು, ಪ್ರಯೋಗಶಾಲೆಯಲ್ಲಿಯೇ ಕಲಿಯತಕ್ಕದ್ದು ಯಾವುದು ಎಂಬ ವಿವೇಚನೆ ನನ್ನ ವೃತ್ತಿಯ ನಿತ್ಯದ ಕೆಲಸ. ಉಪಕರಣವೊಂದು ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದೂ ಹಾಗೆಯೇ. ಆ ಅಧಿಕಾರದಿಂದ ಮಾತ್ರ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲು ಕಾನೂನಿನ ಮಾತು. 1843ರ ಜನವರಿಯಲ್ಲಿ ಲಂಡನ್ನಿನಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬುವನು ಪ್ರಧಾನಮಂತ್ರಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದನು. ಅವನು ಚಿತ್ತಭ್ರಮೆಗೆ ಒಳಗಾಗಿದ್ದನೆಂದು ವೈದ್ಯರು ಸಾಕ್ಷ್ಯ ನುಡಿದರು. ನ್ಯಾಯದರ್ಶಿಗಳು ಅವನನ್ನು ನಿರ್ದೋಷಿಯೆಂದರು. ಅದರಿಂದ ಎದ್ದ ಕೋಲಾಹಲದಲ್ಲಿ ಇಂಗ್ಲೆಂಡಿನ ನ್ಯಾಯಾಧೀಶರು ಕೆಲವು ನಿಯಮಗಳನ್ನು ಹೇಳಿದರು. ಆ ನಿಯಮಗಳ ಛಾಯೆ 1860ರ ಭಾರತ ದಂಡ ಸಂಹಿತೆಯ 84ನೆಯ ಪ್ರಕರಣದಲ್ಲಿ ಇಳಿದುಬಂತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದೇ ತತ್ತ್ವ 22ನೆಯ ಪ್ರಕರಣವಾಗಿ ಉಳಿದಿದೆ. ಕೃತ್ಯವೆಸಗುವ ಕಾಲದಲ್ಲಿ ಚಿತ್ತಸ್ವಾಸ್ಥ್ಯವಿಲ್ಲದ ಕಾರಣ ಕೃತ್ಯದ ಸ್ವರೂಪವನ್ನಾಗಲಿ, ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನು ಅಪರಾಧಿಯಾಗನು ಎಂಬುದು ಅದರ ಸಾರ.

ಇಲ್ಲಿ ‘ಕೃತ್ಯವೆಸಗುವ ಕಾಲದಲ್ಲಿ’ ಎಂಬ ಮಾತನ್ನು ವಾಚಕರು ಗಮನಿಸಬೇಕು. 1964ರಲ್ಲಿ ದಹ್ಯಾಭಾಯಿ ಠಕ್ಕರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಾಯಕವಾದುದು ಆ ಕಾಲದ ಸ್ಥಿತಿಯೇ ಎಂದು ಸ್ಪಷ್ಟಪಡಿಸಿತು. ಅದಕ್ಕೆ ಮೊದಲು, ಆಗ ಮತ್ತು ಅನಂತರ ನಡೆದುದೆಲ್ಲ ಆ ಸ್ಥಿತಿಯನ್ನು ಊಹಿಸಲು ಸಾಧನಗಳು. ವೈದ್ಯನಾದರೊ ಆರೋಪಿಯನ್ನು ನೋಡುವುದು ವಾರಗಳೊ ತಿಂಗಳುಗಳೊ ಕಳೆದ ಮೇಲೆ. ಇಂದಿನ ಅಳತೆಯಿಂದ ಹಿಂದಿನ ಒಂದು ಕ್ಷಣದ ಮನಃಸ್ಥಿತಿಯನ್ನು ಹೇಳಬೇಕು. ಭೌತಶಾಸ್ತ್ರದಲ್ಲಿ ನಮಗೆ ಚಲನೆಯ ನಿಯಮಗಳು ಗೊತ್ತಿರುವುದರಿಂದ ಹಿಂದಿನ ಗ್ರಹಣದ ದಿನವನ್ನು ಲೆಕ್ಕ ಹಾಕಿ ಹೇಳುತ್ತೇವೆ. ಮನಸ್ಸಿಗೆ ಅಂಥ ಸಮೀಕರಣವಿಲ್ಲ. ಆದುದರಿಂದ ಇದು ಬಹಳ ಎಚ್ಚರದ ಕೆಲಸ.

ಇನ್ನೊಂದು ಪ್ರಶ್ನೆ ವಿಚಾರಣೆಯ ಯೋಗ್ಯತೆಯದು. ಆರೋಪಿಯು ತನ್ನ ಪರವಾಗಿ ವಾದ ಹೂಡಲಾರದಷ್ಟು ಅಸ್ವಸ್ಥನಾಗಿದ್ದರೆ ವಿಚಾರಣೆಯನ್ನು ಮುಂದಕ್ಕೆ ಹಾಕಬೇಕಾಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367ನೆಯ ಪ್ರಕರಣ ಮತ್ತು ಅದರ ಮುಂದಿನ ಪ್ರಕರಣಗಳು ಇದರ ವಿಧಾನವನ್ನು ಹೇಳುತ್ತವೆ. ಮ್ಯಾಜಿಸ್ಟ್ರೇಟರು ಮೊದಲು ಅವನನ್ನು ತಪಾಸಣೆಗೆ ಕಳುಹಿಸುವುದು ಜಿಲ್ಲೆಯ ಸಿವಿಲ್ ಸರ್ಜನರ ಬಳಿಗೆ ಇಲ್ಲವೆ ಸರ್ಕಾರ ಸೂಚಿಸಿದ ವೈದ್ಯಾಧಿಕಾರಿಯ ಬಳಿಗೆ. ಎಂದರೆ, ಮೊದಲ ಮಾತು ಹೊರಡುವುದು ಜಿಲ್ಲೆಯಲ್ಲಿ, ರಾಜಧಾನಿಯಲ್ಲಿ ಅಲ್ಲ.

ಈ ಯೋಗ್ಯತೆಯ ಪ್ರಶ್ನೆಯನ್ನು ಯಾರೂ ಸಕಾಲದಲ್ಲಿ ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬುವರ ಬಾಳೇ ಸಾಕ್ಷಿ. 1951ರಲ್ಲಿ ಬಂಧನಕ್ಕೊಳಗಾದ ಇವರನ್ನು ತೇಜಪುರದ ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. 1967ರ ಹೊತ್ತಿಗೆ ವೈದ್ಯರು ಇವರು ಸ್ವಸ್ಥರೆಂದರು. ಆದರೂ ಬಿಡುಗಡೆಯಾಗಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಇವರು ಸೆರೆಯಲ್ಲಿಯೇ ಉಳಿದರು. ಕೊನೆಗೆ 2005ರಲ್ಲಿ, 54 ವರ್ಷಗಳ ಬಳಿಕ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಹೊರಗೆ ಬಂದರು. ಇದರಲ್ಲಿ ಒಬ್ಬ ಕ್ರೂರಿಯನ್ನು ಹುಡುಕಿದರೆ ಸಿಕ್ಕಲಾರನು. ಆಸ್ಪತ್ರೆಯ ಭಾಷೆ ನ್ಯಾಯಾಲಯಕ್ಕೆ ತಿಳಿಯಲಿಲ್ಲ. ನ್ಯಾಯಾಲಯದ ವಿಧಾನ ಆಸ್ಪತ್ರೆಗೆ ತಿಳಿಯಲಿಲ್ಲ. ಸೆರೆಮನೆಯಲ್ಲಿ ಎರಡನ್ನೂ ಬಲ್ಲವರು ಯಾರೂ ಇರಲಿಲ್ಲ.

ಅಸ್ಸಾಮಿನದು ಹಳೆಯ ಕಥೆಯಾಯಿತೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಡೆಸಿದ ಸಮೀಕ್ಷೆಯ ವರದಿ 2011ರಲ್ಲಿ ಪ್ರಕಟವಾಯಿತು. ಅವರು ಪರೀಕ್ಷಿಸಿದ 5,024 ಬಂದಿಗಳಲ್ಲಿ ಶೇಕಡ 79.6ರಷ್ಟು ಮಂದಿಗೆ ಮಾನಸಿಕ ರೋಗವೊ ಮಾದಕ ವಸ್ತುಗಳ ತೊಂದರೆಯೊ ಇದ್ದುದು ಕಂಡುಬಂತು. ಮಾದಕ ವಸ್ತುಗಳ ತೊಂದರೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಶೇಕಡ 27.6ರಷ್ಟು, ಎಂದರೆ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಚಿಕಿತ್ಸೆ ಬೇಕಾದ ರೋಗಿಗಳು. ನಿಮ್ಹಾನ್ಸ್ ಸಂಸ್ಥೆಯಿರುವ ಊರಿನ ಸೆರೆಮನೆಯ ಸ್ಥಿತಿಯೇ ಹೀಗಿದ್ದುದಾದರೆ ಜಿಲ್ಲೆಗಳ ಸೆರೆಮನೆಗಳನ್ನು ಪರೀಕ್ಷಿಸುವವರು ಯಾರು?

ಇದಕ್ಕೆ ಕಾನೂನು ಉತ್ತರ ಹೇಳಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ 103ನೆಯ ಪ್ರಕರಣದಂತೆ, ಪ್ರತಿಯೊಂದು ಸೆರೆಮನೆಯ ವೈದ್ಯಾಧಿಕಾರಿಯೂ ತನ್ನಲ್ಲಿ ಮಾನಸಿಕ ರೋಗವುಳ್ಳ ಬಂದಿಗಳು ಯಾರೂ ಇಲ್ಲವೆಂದು ಮೂರು ತಿಂಗಳಿಗೊಮ್ಮೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಲಿಗೆ ಪ್ರಮಾಣೀಕರಿಸಿ ವರದಿ ಕಳುಹಿಸಬೇಕು. ಇಲ್ಲವೆಂದು ಹೇಳಬೇಕಾದರೆ ಇರುವುದು ಹೇಗೆ ಕಾಣುತ್ತದೆಂಬುದು ಗೊತ್ತಿರಬೇಕಷ್ಟೆ. ಅದಕ್ಕಾಗಿಯೇ 31ನೆಯ ಪ್ರಕರಣವು ಸರ್ಕಾರಿ ಆಸ್ಪತ್ರೆಗಳ ಹಾಗೂ ಸೆರೆಮನೆಗಳ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಆರೋಗ್ಯದ ಮೂಲ ಶಿಕ್ಷಣವನ್ನು ಕೊಡಬೇಕೆಂದು ವಿಧಿಸುತ್ತದೆ. ಜನಸಂಖ್ಯೆಗೆ ತಕ್ಕಷ್ಟು ತಜ್ಞರನ್ನು ಹತ್ತು ವರ್ಷಗಳೊಳಗೆ ಸಿದ್ಧಪಡಿಸಲು ಪ್ರಯತ್ನಿಸಬೇಕೆಂದೂ ಅದೇ ಪ್ರಕರಣ ಹೇಳುತ್ತದೆ. ಆ ಹತ್ತು ವರ್ಷಗಳು 2028ರಲ್ಲಿ ಮುಗಿಯುತ್ತವೆ.

ಮತ್ತೊಂದು ಹೊಣೆಯನ್ನು ಸರ್ವೋಚ್ಚ ನ್ಯಾಯಾಲಯವು 2022ರ ಮನೋಜ್ ಮೊಕದ್ದಮೆಯ ತೀರ್ಪಿನಲ್ಲಿ ಹೊರಿಸಿತು. ಮರಣದಂಡನೆ ವಿಧಿಸಬಹುದಾದ ಮೊಕದ್ದಮೆಗಳಲ್ಲಿ ಆರೋಪಿಯ ಮಾನಸಿಕ ಸ್ಥಿತಿಯ ಪರೀಕ್ಷಾ ವರದಿಯನ್ನು ವಿಚಾರಣೆಯ ಹಂತದಲ್ಲಿಯೇ ಸರ್ಕಾರವು ಒದಗಿಸಬೇಕೆಂದು ಅದು ಹೇಳಿತು. ಇಂಥ ವಿಚಾರಣೆಗಳು ನಡೆಯುವುದು ಸೆಷನ್ಸ್ ನ್ಯಾಯಾಲಯಗಳಲ್ಲಿ. ಸೆಷನ್ಸ್ ನ್ಯಾಯಾಲಯವಿರುವುದು ಪ್ರತಿಯೊಂದು ಜಿಲ್ಲೆಯಲ್ಲಿಯೂ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. 2011ರ ಜನಗಣತಿಯಂತೆ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 16,59,456. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯನೂ ಸರಾಸರಿಯಲ್ಲಿ ದೊರೆಯುವುದಿಲ್ಲ; ದೊರೆಯುವವರಲ್ಲಿಯೂ ಹೆಚ್ಚಿನವರು ದೊಡ್ಡ ನಗರಗಳಲ್ಲಿದ್ದಾರೆ. ಹೊಸದುರ್ಗ, ಹೊಳಲ್ಕೆರೆಗಳಂಥ ತಾಲ್ಲೂಕುಗಳಲ್ಲಿ ಮನೋರೋಗಿಯನ್ನು ಮೊದಲು ಕಾಣುವವರು ಸಾಮಾನ್ಯ ವೈದ್ಯರು, ದಾದಿಯರು, ಪೊಲೀಸ್ ಠಾಣೆಯವರು ಮತ್ತು ವಕೀಲರು. ಇವರು ನ್ಯಾಯಸಂಬಂಧಿ ಮಾನಸಿಕ ಆರೋಗ್ಯವನ್ನು ಕ್ರಮವಾಗಿ ಕಲಿಯಬೇಕೆಂದರೆ ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಹಾಗೂ ನರವಿಜ್ಞಾನಗಳ ಸಂಸ್ಥೆಯಿದೆ. 2020ರ ಕಾಯ್ದೆಯಿಂದ ಸ್ಥಾಪಿತವಾದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾನಿಲಯದ ಶಾಖೆಗೂ ಅಲ್ಲಿ 2023ರಲ್ಲಿ ಅಡಿಗಲ್ಲು ಬಿದ್ದಿತು. ಆದರೆ ಇವೆರಡೂ ಊರುಗಳು ನಮಗೆ ಸುಮಾರು 200 ಕಿಲೊಮೀಟರು ದೂರ. ಸಂಸಾರವನ್ನೂ ಕೆಲಸವನ್ನೂ ಬಿಟ್ಟು ಎರಡು ವರ್ಷ ಅಲ್ಲಿ ಹೋಗಿ ನೆಲಸುವುದು ಎಷ್ಟು ಮಂದಿಗೆ ಸಾಧ್ಯ?

ಹಿರಿಯೂರಿನಲ್ಲಿ ವಕೀಲರಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಇದನ್ನೇ ಕೇಳಿದರು. “ಸಾರ್, ಕಕ್ಷಿಗಾರನಿಗೆ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ನನಗೆ ಅನ್ನಿಸುತ್ತದೆ. ಆದರೆ ಆ ಮಾತನ್ನು ಯಾವ ಆಧಾರದ ಮೇಲೆ ಹೇಳಬೇಕು, ವೈದ್ಯರ ವರದಿಯಲ್ಲಿ ಏನನ್ನು ನೋಡಬೇಕು ಎಂಬುದು ತಿಳಿಯದು. ರಾತ್ರಿ ಎರಡು ಗಂಟೆ ಓದಬಲ್ಲೆ, ಊರು ಬಿಡಲಾರೆ” ಎಂದರು. ಇವರು ಮನೋವೈದ್ಯರಾಗಬೇಕೆಂದು ಬಯಸುತ್ತಿಲ್ಲ. ತಾವು ದಿನವೂ ಮಾಡುತ್ತಿರುವ ಕೆಲಸವನ್ನು ತಿಳಿದು ಮಾಡಬೇಕೆಂದು ಬಯಸುತ್ತಿದ್ದಾರೆ. ಇಂಥವರ ಮುಖಕ್ಕೆ ಬಾಗಿಲು ಮುಚ್ಚುವುದರಿಂದ ಯಾರಿಗೆ ಲಾಭ?

ದೂರಶಿಕ್ಷಣವು ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿ, ಆಕಾಶವಾಣಿಯೆಂಬ ಹೆಸರು ಬಳಕೆಗೆ ಬರಲು ಕಾರಣರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರೇ ಆಗಿದ್ದರು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅಂಚೆ ಶಿಕ್ಷಣವನ್ನು ತೊಡಗಿಸಿತು. ಅದರಿಂದ 1996ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ರೂಪುಗೊಂಡಿತು. 2018ರಲ್ಲಿ ನಿಮ್ಹಾನ್ಸ್, ರಾಂಚಿ ಮತ್ತು ತೇಜಪುರಗಳ ಮೂರು ಕೇಂದ್ರೀಯ ಸಂಸ್ಥೆಗಳಲ್ಲಿ ಡಿಜಿಟಲ್ ಅಕಾಡೆಮಿಗಳು ಆರಂಭವಾಗಿ ವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಹಾಗೂ ದಾದಿಯರಿಗೆ ಅವರಿರುವಲ್ಲಿಗೇ ಪಾಠಗಳು ಮುಟ್ಟತೊಡಗಿದವು. ಹೊರದೇಶದ ಉದಾಹರಣೆ ಬೇಕೆಂದರೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯವು ಫೊರೆನ್ಸಿಕ್ ಮಾನಸಿಕ ಆರೋಗ್ಯದಲ್ಲಿಯೇ ಆನ್‌ಲೈನ್ ಸ್ನಾತಕೋತ್ತರ ವ್ಯಾಸಂಗವನ್ನು ಏರ್ಪಡಿಸಿದೆ. ಆದುದರಿಂದ ಇದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರ ದೊರೆತಿದೆ. ಈ ಶಾಸ್ತ್ರದ ಯಾವ ಭಾಗವನ್ನು ತಂತಿಯ ಮೂಲಕ ಕಳುಹಿಸಬಹುದು, ಯಾವುದನ್ನು ಕಳುಹಿಸಲಾಗದು ಎಂಬುದಷ್ಟೇ ಉಳಿದಿದೆ.

ಕಳುಹಿಸಬಹುದಾದುದು ಕಡಮೆಯೇನಲ್ಲ. ಕಾನೂನಿನ ಪ್ರಕರಣಗಳು, ತೀರ್ಪುಗಳು, ರೋಗಗಳ ಲಕ್ಷಣ ಮತ್ತು ಗತಿ, ವರದಿ ಬರೆಯುವ ಕ್ರಮ—ಇವನ್ನೆಲ್ಲ ಓದಿ, ಕೇಳಿ, ಚರ್ಚಿಸಿ ಕಲಿಯಬಹುದು. ಇವುಗಳಿಗಿಂತಲೂ ಮುಖ್ಯವಾದುದು ಸಂಖ್ಯಾಶಾಸ್ತ್ರದ ವಿವೇಕ. ಒಂದು ಕಲ್ಪಿತ ಲೆಕ್ಕವನ್ನು ನೋಡೋಣ.

ಸೆರೆಯಿಂದ ಹೊರಬರುವ 1,000 ಮಂದಿಯಲ್ಲಿ 50 ಮಂದಿ ಮುಂದೆ ಹಿಂಸಾಕೃತ್ಯಕ್ಕೆ ಇಳಿಯುವವರೆಂದು ಭಾವಿಸೋಣ. ಅಂಥವರನ್ನು ಮೊದಲೇ ಗುರುತಿಸುವ ಪರೀಕ್ಷೆಯೊಂದಿದೆ. ಅದು ಅಪಾಯಕಾರಿಗಳಲ್ಲಿ ನೂರಕ್ಕೆ 90 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ನಿರಪಾಯಕಾರಿಗಳಲ್ಲಿ ನೂರಕ್ಕೆ 10 ಮಂದಿಯನ್ನು ಮಾತ್ರ ತಪ್ಪಾಗಿ ಹಿಡಿಯುತ್ತದೆ. ಕೇಳುವುದಕ್ಕೆ ಇದು ಉತ್ತಮ ಪರೀಕ್ಷೆ. ಆದರೆ ಲೆಕ್ಕ ಹಾಕಿ: 50ರಲ್ಲಿ 45 ಮಂದಿ ಸರಿಯಾಗಿ ಸಿಕ್ಕಿಬೀಳುತ್ತಾರೆ, ಉಳಿದ 950ರಲ್ಲಿ 95 ಮಂದಿ ತಪ್ಪಾಗಿ ಸಿಕ್ಕಿಬೀಳುತ್ತಾರೆ. ಒಟ್ಟು 140 ಮಂದಿಯ ಹಣೆಗೆ ‘ಅಪಾಯಕಾರಿ’ ಎಂಬ ಚೀಟಿ ಅಂಟಿದರೆ, ಅವರಲ್ಲಿ 95 ಮಂದಿ, ಎಂದರೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನವರು, ಯಾವ ಅಪಾಯವನ್ನೂ ಮಾಡದವರು. ಈ ಲೆಕ್ಕವನ್ನು ಅರಿಯದ ಅಧಿಕಾರಿ ತೊಂಬತ್ತರ ಸಂಖ್ಯೆಯನ್ನು ಕಂಡು ಮರುಳಾಗುವನು. ಇದನ್ನು ಕಲಿಸುವುದಕ್ಕೆ ಆಸ್ಪತ್ರೆಯ ಹಾಸಿಗೆ ಬೇಕಿಲ್ಲ. ಕರಿಹಲಗೆಯಾದರೂ ಸಾಕು, ಗಣಕಯಂತ್ರದ ಪರದೆಯಾದರೂ ಸಾಕು.

ಹಾಗೆಯೇ ಉಪಕರಣಗಳ ಮಿತಿ. ಮಾನವನ ಮೆದುಳಿನ ವಿದ್ಯುತ್ ತರಂಗಗಳನ್ನು ಜರ್ಮನಿಯ ಹ್ಯಾನ್ಸ್ ಬರ್ಗರ್ ಮೊದಲು ದಾಖಲಿಸಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ನೆತ್ತಿಯ ಮೇಲೆ ದೊರೆಯುವ ಈ ವಿದ್ಯುದ್ವಿಭವವು ಒಂದು ವೋಲ್ಟಿನ ಹತ್ತುಲಕ್ಷ ಭಾಗಗಳಲ್ಲಿ ಕೆಲವು ಹತ್ತು ಭಾಗಗಳಷ್ಟು ಮಾತ್ರ. ಅದನ್ನು 50 ಮೈಕ್ರೊವೋಲ್ಟ್ ಎಂದು ಇಟ್ಟುಕೊಂಡರೆ, ಕೈದೀಪದ 1.5 ವೋಲ್ಟಿನ ಬ್ಯಾಟರಿಯ ಮೂವತ್ತು ಸಾವಿರದ ಒಂದು ಭಾಗ. ಕಣ್ಣೆವೆ ಮಿಟುಕಿಸಿದರೂ ಹಲ್ಲು ಕಚ್ಚಿದರೂ ಇದಕ್ಕಿಂತ ದೊಡ್ಡ ಸಂಕೇತ ಹುಟ್ಟಿ ಎಲ್ಲವೂ ಕಲಸಿಹೋಗುತ್ತದೆ. ಆದಕಾರಣ ಅನೇಕ ಸಲ ಅಳೆದು ಸರಾಸರಿ ತೆಗೆಯಬೇಕು. ಹಾಗೆ ತೆಗೆದಾಗ, ಗಮನ ಸೆಳೆಯುವ ಚಿತ್ರವನ್ನೊ ಮಾತನ್ನೊ ಎದುರಿಸಿದ ಸುಮಾರು 300 ಮಿಲಿಸೆಕೆಂಡುಗಳ ಬಳಿಕ ಮೆದುಳಿನಲ್ಲಿ ಒಂದು ಅಲೆ ಏಳುವುದನ್ನು ಕಾಣಬಹುದು.

ಈ ಅಲೆಯನ್ನೂ ಇಂಥ ಇತರ ಸಂಕೇತಗಳನ್ನೂ ಅಪರಾಧಿಯ ನೆನಪಿನ ಗುರುತೆಂದು ಬಗೆದು ಬ್ರೈನ್ ಮ್ಯಾಪಿಂಗ್ ಪರೀಕ್ಷೆಗಳು ನಮ್ಮಲ್ಲಿ ಪ್ರಚಾರಕ್ಕೆ ಬಂದವು. ಹಿಂದೆ ನಿಮ್ಹಾನ್ಸ್‌ನಲ್ಲಿ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಅವರು ಅಂಥ ಒಂದು ವಿಧಾನವನ್ನು ರೂಪಿಸಿದರು. 2008ರ ಜೂನ್ ತಿಂಗಳಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಮೊಕದ್ದಮೆಯ ತೀರ್ಪಿನಲ್ಲಿ ಅದನ್ನು ಆಧಾರವಾಗಿ ಬಳಸಿಕೊಂಡಿತು. ಅದೇ ವರ್ಷ ನಿಮ್ಹಾನ್ಸ್‌ನ ಅಂದಿನ ನಿರ್ದೇಶಕರಾದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ಸಮಿತಿಯು ಈ ಪರೀಕ್ಷೆಗಳಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟಿತು. ಕಾರಣ ಸರಳ. ಮೆದುಳು ಒಂದು ವಸ್ತುವನ್ನು ಗುರುತಿಸಿತೆಂಬುದನ್ನು ಉಪಕರಣ ತೋರಿಸಬಹುದು. ಆ ಗುರುತು ಕೈಯಾರೆ ಮಾಡಿದುದರಿಂದ ಬಂತೊ, ಪತ್ರಿಕೆ ಓದಿ ಬಂತೊ, ಠಾಣೆಯಲ್ಲಿ ನಾಲ್ಕು ದಿನ ಅದನ್ನೇ ಕೇಳಿ ಬಂತೊ ಎಂಬುದನ್ನು ವೋಲ್ಟ್‌ಮಾಪಕ ಹೇಳಲಾರದು.

ಕರ್ನಾಟಕದಿಂದಲೇ ಹೋದ ಸೆಲ್ವಿ ಮೊಕದ್ದಮೆಯಲ್ಲಿ, 2010ರ ಮೇ 5ರಂದು, ಸರ್ವೋಚ್ಚ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮತ್ತು ಬ್ರೈನ್ ಮ್ಯಾಪಿಂಗ್—ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ತೀರ್ಪಿತ್ತಿತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಮಂಪರು ಪರೀಕ್ಷೆಗಳ ಸುದ್ದಿಯನ್ನು ಒಂದು ಕಾಲದಲ್ಲಿ ನಾವೆಲ್ಲ ಕುತೂಹಲದಿಂದ ಓದುತ್ತಿದ್ದೆವು. ಆಗ ಪೊಲೀಸರಲ್ಲಿ, ವಕೀಲರಲ್ಲಿ, ನ್ಯಾಯಾಧೀಶರಲ್ಲಿ ಈ ಶಾಸ್ತ್ರದ ಸರಿಯಾದ ಪರಿಚಯವುಳ್ಳವರು ಹೆಚ್ಚು ಮಂದಿ ಇದ್ದಿದ್ದರೆ ಆ ಯಂತ್ರಗಳಿಗೆ ಅಷ್ಟು ಗೌರವ ಸಲ್ಲುತ್ತಿರಲಿಲ್ಲ. ಇಂಥ ಪರಿಚಯವನ್ನು ನೂರಾರು ಊರುಗಳಿಗೆ ಏಕಕಾಲದಲ್ಲಿ ಮುಟ್ಟಿಸುವುದಕ್ಕೆ ಆನ್‌ಲೈನ್ ಶಿಕ್ಷಣಕ್ಕಿಂತ ಅಗ್ಗವಾದ ಸಾಧನ ನನಗೆ ತೋರದು.

ಇನ್ನು, ಕಳುಹಿಸಲಾಗದುದು. ಭೌತಶಾಸ್ತ್ರದಲ್ಲಿ ಆಂದೋಲಕದ ಸೂತ್ರವನ್ನು ಬಾಯಿಪಾಠ ಮಾಡಿದವನಿಗೆ ದಾರ ಕಟ್ಟಿ, ಗಡಿಯಾರ ಹಿಡಿದು, ಇಪ್ಪತ್ತು ಆಂದೋಲನಗಳನ್ನು ಎಣಿಸಿದ ಹೊರತು ತನ್ನ ಕೈಯಿಂದಲೇ ಎಷ್ಟು ದೋಷ ಸೇರುತ್ತದೆಂಬ ಅರಿವು ಬರುವುದಿಲ್ಲ. ಆರೋಪಿಯ ಮನಸ್ಸನ್ನು ಪರೀಕ್ಷಿಸುವುದು ಅದಕ್ಕಿಂತ ನೂರು ಪಾಲು ಕಠಿಣ. ರೋಗದ ನಟನೆ ಮಾಡುವವನು ಒಂದು ಗಂಟೆ ನಟಿಸಬಹುದು. ಹತ್ತು ದಿನ ವಾರ್ಡಿನಲ್ಲಿಟ್ಟು ನೋಡಿದರೆ ಊಟದಲ್ಲಿ, ನಿದ್ರೆಯಲ್ಲಿ, ಪಕ್ಕದವನೊಡನೆ ಆಡುವ ಮಾತಿನಲ್ಲಿ ನಿಜ ಹೊರಬೀಳುತ್ತದೆ. ಇದಕ್ಕೆ ವಿರುದ್ಧವಾಗಿ, ನಿಜವಾದ ರೋಗಿಯೂ ತನ್ನ ರೋಗವನ್ನು ಮರೆಮಾಚಬಹುದು. ಹುಚ್ಚನೆನಿಸಿಕೊಳ್ಳುವುದಕ್ಕಿಂತ ಕಳ್ಳನೆನಿಸಿಕೊಳ್ಳುವುದೇ ಮೇಲೆಂದು ಬಗೆಯುವವರು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ.

ನಮ್ಮ ಚಂದ್ರವಳ್ಳಿಯ ಉತ್ಖನನವನ್ನು ಇಲ್ಲಿ ನೆನೆಯಬಹುದು. 1929ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಲ್ಲಿ ನೆಲವನ್ನು ಅಗೆಸಿದರು. ಶಾತವಾಹನರ ನಾಣ್ಯಗಳೂ ರೋಮನ್ ನಾಣ್ಯಗಳೂ ದೊರೆತವು. ನಾಣ್ಯದ ಚಿತ್ರವನ್ನು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ಆದರೆ ಅದು ಯಾವ ಪದರದಲ್ಲಿತ್ತು, ಅದರ ಮೇಲೇನಿತ್ತು, ಕೆಳಗೇನಿತ್ತು ಎಂಬುದನ್ನು ಮಣ್ಣಿನಲ್ಲಿ ಗುರುತಿಸುವ ಕಣ್ಣು ಹಳ್ಳಕ್ಕೆ ಇಳಿದವನಿಗೆ ಮಾತ್ರ ಬರುತ್ತದೆ. ಮನುಷ್ಯನ ನಡತೆಯೂ ಹಾಗೆ ಪದರಪದರವಾದುದು. ಬಡತನ, ಕುಡಿತ, ತಲೆಗೆ ಬಿದ್ದ ಹಳೆಯ ಪೆಟ್ಟು, ಮನೆತನದ ವೈರ, ರೋಗ—ಇವುಗಳಲ್ಲಿ ಯಾವುದರ ಮೇಲೆ ಯಾವುದು ಕುಳಿತಿದೆಯೆಂಬುದನ್ನು ಎದುರಿಗೆ ಕುಳಿತು, ಬಂಧುಗಳನ್ನು ವಿಚಾರಿಸಿ, ಹಿರಿಯ ಗುರುವಿನ ತಿದ್ದುಪಡಿಗೆ ಒಳಗಾಗಿ ಕಲಿಯಬೇಕು. ಈ ಭಾಗದಲ್ಲಿ ಅನುದಾನ ಆಯೋಗದ ಆತಂಕವು ಸಂಪೂರ್ಣವಾಗಿ ಸರಿ.

ಇದಕ್ಕೆ ಒಂದು ಆಕ್ಷೇಪ ಬರಬಹುದು. 2020ರಿಂದೀಚೆಗೆ ದೂರವೈದ್ಯಕೀಯಕ್ಕೆ ನಿಯಮಗಳಾಗಿವೆ. ಮನೋವೈದ್ಯರು ಪರದೆಯ ಮೇಲೆಯೇ ರೋಗಿಯನ್ನು ನೋಡಿ ಔಷಧ ಬರೆಯುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿಮಾನಸ್ ವ್ಯವಸ್ಥೆಯಲ್ಲಿ 14416 ಎಂಬ ಸಂಖ್ಯೆಗೆ ಕರೆಮಾಡಿದರೆ ದೂರವಾಣಿಯಲ್ಲಿಯೇ ಸಾಂತ್ವನ ದೊರೆಯುತ್ತದೆ. ವಿಚಾರಣಾಧೀನ ಬಂದಿಗಳೂ ಸೆರೆಮನೆಯಿಂದಲೇ ವಿಡಿಯೊ ಮೂಲಕ ನ್ಯಾಯಾಧೀಶರ ಮುಂದೆ ಹಾಜರಾಗುತ್ತಾರೆ. ಚಿಕಿತ್ಸೆಯೂ ನ್ಯಾಯವೂ ಪರದೆಯ ಮೇಲೆ ನಡೆಯುವಾಗ ಕಲಿಕೆಗೆ ಮಾತ್ರ ಏಕೆ ಈ ಮಡಿ?

ಈ ಆಕ್ಷೇಪದಲ್ಲಿ ತಿರುಳಿದೆ. ಆದರೆ ಔಷಧ ಬರೆಯುವ ವೈದ್ಯನು ಮೊದಲು ನೂರಾರು ರೋಗಿಗಳನ್ನು ಎದುರಾಎದುರಾಗಿ ನೋಡಿ ಪಳಗಿದವನು. ಪರದೆ ಮುಚ್ಚಿಡುವುದನ್ನು ಅವನ ಅನುಭವ ತುಂಬಿಕೊಳ್ಳುತ್ತದೆ. ಆರಂಭದ ವಿದ್ಯಾರ್ಥಿಗೆ ಆ ಅನುಭವವಿಲ್ಲ. ಕ್ಯಾಮರಾ ತನ್ನ ಚೌಕಟ್ಟಿನೊಳಗಿನದನ್ನು ಮಾತ್ರ ತೋರಿಸುತ್ತದೆ. ಮೇಜಿನ ಕೆಳಗೆ ನಡುಗುವ ಕೈ, ಬಾಯಿಯ ಸಾರಾಯಿ ವಾಸನೆ, ಕ್ಯಾಮರಾದ ಹಿಂದೆ ನಿಂತಿರುವ ಕಾವಲುಗಾರ—ಇವು ಅದರೊಳಗೆ ಬರುವುದಿಲ್ಲ. ಸಂಪರ್ಕ ನಿಧಾನವಾಗಿ ಮಾತು ತಡವಾಗಿ ತಲಪಿದರೆ, ಆ ತಡವು ಯಂತ್ರದ್ದೊ ರೋಗಿಯದೊ ಎಂಬ ಸಂದೇಹವೂ ಉಂಟಾಗುತ್ತದೆ. ಖಿನ್ನತೆಯ ಒಂದು ಲಕ್ಷಣ ಮಾತಿನ ನಿಧಾನವೇ ಅಲ್ಲವೆ?

ಹೀಗಿರುವಲ್ಲಿ ಎಲ್ಲವನ್ನೂ ತೆರೆದಿಡುವುದೂ ಸರಿಯಲ್ಲ, ಎಲ್ಲವನ್ನೂ ಮುಚ್ಚುವುದೂ ಸರಿಯಲ್ಲ. ನ್ಯಾಯಾಲಯಕ್ಕೆ ಮನಸ್ಸಿನ ವಿಷಯದಲ್ಲಿ ಅಭಿಪ್ರಾಯ ಕೊಡುವ ಅಧಿಕಾರವು ರೋಗಿಯ ಬಳಿಯಲ್ಲಿಯೇ ಸಂಪಾದಿಸತಕ್ಕದ್ದು. ಆ ಅಭಿಪ್ರಾಯವನ್ನು ಕೇಳುವ, ಪ್ರಶ್ನಿಸುವ, ರೋಗಿಯನ್ನು ಸಕಾಲದಲ್ಲಿ ಗುರುತಿಸಿ ಮುಂದಕ್ಕೆ ಕಳುಹಿಸುವ ತಿಳಿವಳಿಕೆಯನ್ನು ಆನ್‌ಲೈನ್ ಮೂಲಕ ಧಾರಾಳವಾಗಿ ಹಂಚಬೇಕು. ಇದು ನನ್ನ ಅಭಿಪ್ರಾಯ. ಇದನ್ನು ಕಾರ್ಯಗತಗೊಳಿಸಲು ಮೂರು ಸಲಹೆಗಳನ್ನು ಮಾಡಬಯಸುತ್ತೇನೆ.

ಮೊದಲನೆಯದು, ಈಗಾಗಲೇ ವೃತ್ತಿಯಲ್ಲಿರುವ ವೈದ್ಯರು, ದಾದಿಯರು, ವಕೀಲರು, ಪೊಲೀಸ್ ಹಾಗೂ ಸೆರೆಮನೆಯ ಅಧಿಕಾರಿಗಳಿಗಾಗಿ ಸ್ನಾತಕೋತ್ತರ ಮಟ್ಟದ ಒಂದು ಆನ್‌ಲೈನ್ ಡಿಪ್ಲೊಮಾ ಏರ್ಪಡಬೇಕು; ಅದರ ಪಾಠಗಳು ಕನ್ನಡದಲ್ಲಿಯೂ ಇರಬೇಕು. ಆರೋಪಿಯ ಮಾತು ಕನ್ನಡದಲ್ಲಿರುವಾಗ, ‘ತಲೆ ಕೆಟ್ಟಿದೆ’, ‘ಗಾಳಿ ಸೋಕಿದೆ’, ‘ಎದೆ ಉರಿಯುತ್ತದೆ’ ಎಂಬ ನುಡಿಗಳ ಹಿಂದೆ ಯಾವ ನೋವಿದೆಯೆಂಬುದನ್ನು ಇಂಗ್ಲಿಷ್ ಪುಸ್ತಕ ಕಲಿಸಲಾರದು. ಈ ಪ್ರಮಾಣಪತ್ರವು ಯಾರನ್ನೂ ಮನೋವೈದ್ಯನನ್ನಾಗಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞನನ್ನಾಗಲಿ ಮಾಡುವುದಿಲ್ಲವೆಂಬ ಮಾತು ಆ ಪತ್ರದ ಮೇಲೆಯೇ ಅಚ್ಚಾಗಿರಬೇಕು. ಅದನ್ನು ಮರೆಮಾಚಿ ಶುಲ್ಕ ಕೀಳುವ ಸಂಸ್ಥೆಗಳಿಗೆ ಅವಕಾಶವಿರಬಾರದು.

ಎರಡನೆಯದು, ತಜ್ಞರಾಗಬಯಸುವವರಿಗೆ ಮಿಶ್ರ ಕ್ರಮ. ತತ್ತ್ವಭಾಗವನ್ನು ಆನ್‌ಲೈನಿನಲ್ಲಿ ಓದಲಿ; ಅಭ್ಯಾಸ ಭಾಗವನ್ನು ಜಿಲ್ಲಾ ಆಸ್ಪತ್ರೆಯಲ್ಲಿಯೂ ಜಿಲ್ಲಾ ಕಾರಾಗೃಹದಲ್ಲಿಯೂ ತಜ್ಞರ ಮೇಲ್ವಿಚಾರಣೆಯಲ್ಲಿ ಮಾಡಲಿ; ಕೆಲವು ತಿಂಗಳು ಬೆಂಗಳೂರು ಅಥವಾ ಧಾರವಾಡದ ಸಂಸ್ಥೆಯಲ್ಲಿ ವಾಸವಾಗಿದ್ದು ಕಲಿಯಲಿ; ಕೊನೆಯ ಪರೀಕ್ಷೆ ಗುರುಗಳ ಎದುರಿನಲ್ಲಿಯೇ ನಡೆಯಲಿ. ಇದು ಹೊಸ ಕಲ್ಪನೆಯೇನಲ್ಲ. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರ ವರೆಗೆ ನಿಮ್ಹಾನ್ಸ್ ನಡೆಸಿದ ಪ್ರಯೋಗದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಜಿಲ್ಲೆಯ ಮಟ್ಟದಲ್ಲಿಯೇ ಮನೋರೋಗಗಳಿಗೆ ಚಿಕಿತ್ಸೆ ದೊರೆಯುವಂತೆ ಮಾಡಲಾಯಿತು. 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆರೋಗ್ಯ ಕೇಂದ್ರದ ವಿಷಯದಲ್ಲಿ ಸಾಧ್ಯವಾದುದು ಸೆರೆಮನೆಯ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಮೂರನೆಯದು, ಬಂದಿಗಳ ಮಾನ. ಪಾಠಕ್ಕೆಂದು ಅವರ ಮಾತುಗಳನ್ನು ಚಿತ್ರೀಕರಿಸಿ ದೂರದೂರದ ವಿದ್ಯಾರ್ಥಿಗಳಿಗೆ ತೋರಿಸುವ ಆಸೆ ಸಹಜವಾಗಿಯೇ ಹುಟ್ಟುತ್ತದೆ. ಬೇಲಿಯೊಳಗೆ ಇರುವವನ ಒಪ್ಪಿಗೆ ನಿಜವಾದ ಒಪ್ಪಿಗೆಯೆ ಎಂಬುದು ಸಂದೇಹಾಸ್ಪದ. ಅಲ್ಲದೆ, ವೈದ್ಯರೆದುರಿಗೆ ಆಡಿದ ಮಾತು ನಾಳೆ ಅವನಿಗೇ ವಿರುದ್ಧವಾದ ಸಾಕ್ಷ್ಯವಾಗಬಹುದು. ಇಂಥ ಚಿತ್ರೀಕರಣವನ್ನು ನಿಷೇಧಿಸಿ, ಕಲ್ಪಿತ ಪ್ರಕರಣಗಳನ್ನು ನುರಿತ ನಟರಿಂದ ಅಭಿನಯಿಸಿ ಕಲಿಸಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಬರಬೇಕೆಂದು ಕೆಲವರು ಕೇಳಿಯಾರು. ತಜ್ಞರನ್ನು ಸಿದ್ಧಪಡಿಸುವುದು ವಿಧಾಯಕವಾಗಿ ಸರ್ಕಾರದ ಹೊಣೆಯೆಂದು ಕಾಯ್ದೆಯೇ ಹೇಳಿರುವಾಗ ಆ ಪ್ರಶ್ನೆ ಅಷ್ಟಾಗಿ ಉಳಿಯುವುದಿಲ್ಲ. ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ಈಗಾಗಲೇ ಇದೆ. ಜಿಲ್ಲೆಯಲ್ಲಿ ಆಸ್ಪತ್ರೆಯಿದೆ, ಕಾರಾಗೃಹವಿದೆ, ನ್ಯಾಯಾಲಯವಿದೆ. ಕಲಿಯಬೇಕೆಂಬ ಆಸೆಯುಳ್ಳವರೂ ಇದ್ದಾರೆ. ಇವುಗಳನ್ನು ಒಂದು ಪಾಠಕ್ರಮದಲ್ಲಿ ಕೂಡಿಸುವ ಕೆಲಸ ಬಾಕಿಯಿದೆ.

2028ಕ್ಕೆ ಹೆಚ್ಚು ಕಾಲವಿಲ್ಲ. ಅನುದಾನ ಆಯೋಗವೂ ರಾಜ್ಯದ ಆರೋಗ್ಯ ಇಲಾಖೆಯೂ ಕಾರಾಗೃಹ ಇಲಾಖೆಯೂ ಒಂದೆಡೆ ಕುಳಿತು, ಈ ಶಾಸ್ತ್ರದಲ್ಲಿ ಪರದೆಯ ಪಾಲು ಎಷ್ಟು, ಹಾಸಿಗೆಯ ಬಳಿಯ ಪಾಲು ಎಷ್ಟು ಎಂಬುದನ್ನು ನಿಗದಿಮಾಡಲಿ. ಅದುವರೆಗೆ ಪ್ರತಿ ಮೂರು ತಿಂಗಳಿಗೊಮ್ಮೆ, ತನಗೆ ಯಾರೂ ಕಲಿಸದ ವಿಷಯದಲ್ಲಿ, ಒಬ್ಬ ವೈದ್ಯನು ‘ಇಲ್ಲಿ ರೋಗಿಗಳಿಲ್ಲ’ ಎಂದು ರುಜು ಹಾಕುತ್ತಿರಬೇಕಾಗುತ್ತದೆ. ಆ ರುಜುವಿನ ಹಿಂದೆ ಎಷ್ಟು ಮಂದಿ ಲಾಲುಂಗರು ಕುಳಿತಿದ್ದಾರೆಂಬುದು ಯಾರಿಗೂ ತಿಳಿಯದೆ ಉಳಿಯುತ್ತದೆ.